ಬೀಗ ರಿಪೇರಿ, ಕೀ ತಯಾರಿ ಕಸುಬು ಶುರುಮಾಡುವವರಿಗೆ: ಮೊದಲ ವರ್ಷದ ಮಾರ್ಗದರ್ಶಿ

ಈ ಕಸುಬಿಗೆ ಇಳಿಯುವವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಡೂಪ್ಲಿಕೇಟ್ ಕೀ ಕತ್ತರಿಸುವ ಯಂತ್ರ. ನಮ್ಮ ಸಲಹೆ, ಅದನ್ನು ಮೂರು ತಿಂಗಳು ತಡೆದು ಕೊಳ್ಳಿ. ಆ ಮೂರು ತಿಂಗಳು ಬೀಗ ಬಿಚ್ಚಿ, ಜೋಡಿಸಿ, ಅರದಿಂದ ಕೈಯಲ್ಲೇ ಕೀ ಮಾಡಿ ಕಲಿಯಿರಿ. ಬೀಗದೊಳಗೆ ಏನು ನಡೆಯುತ್ತದೆ ಎಂದು ತಿಳಿದವರಿಗೆ ಹೊಸ ಕೀ ಯಾಕೆ ತಿರುಗಲಿಲ್ಲ ಎನ್ನುವುದು ಕೀಯನ್ನು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ತಿಳಿಯದವರು ಅದೇ ಕೀಯನ್ನು ನಾಲ್ಕು ಸಲ ಕತ್ತರಿಸಿ, ನಾಲ್ಕು ಬ್ಲಾಂಕ್ (ಕಚ್ಚು ಕತ್ತರಿಸದ ಖಾಲಿ ಕೀ) ಹಾಳುಮಾಡಿ, ಕೊನೆಗೆ ಗಿರಾಕಿಗೆ "ನಿಮ್ಮ ಬೀಗವೇ ಸರಿ ಇಲ್ಲ" ಎನ್ನುತ್ತಾರೆ. ಆ ಗಿರಾಕಿ ಮತ್ತೆ ಬರುವುದಿಲ್ಲ.

ಮುಂದೆ ಹೇಳಿರುವುದೆಲ್ಲ ಕರ್ನಾಟಕದ ತಾಲ್ಲೂಕು ಪಟ್ಟಣದಲ್ಲೋ ಬೆಂಗಳೂರಿನ ಬಡಾವಣೆಯೊಂದರಲ್ಲೋ ಸಣ್ಣ ಅಂಗಡಿ ಇಡುವವರ ಲೆಕ್ಕಕ್ಕೆ.

ನಿಮ್ಮ ಕೈಗೆ ಬರುವ ಬೀಗಗಳು

ನಮ್ಮ ಕಡೆ ಹೆಚ್ಚಿನ ಕೆಲಸ ಎರಡು ಜಾತಿಯ ಬೀಗಗಳದ್ದು. ಒಂದು ಲಿವರ್ ಬೀಗ: ಅಲಿಗಢದ ನೇತು ಬೀಗಗಳು, ಗೋದ್ರೆಜ್ ನವ್‌ತಾಲ್, ಬೀರು, ಹಳೆಯ ಮರದ ಬಾಗಿಲಿನ ಬೀಗ. 2019ರಲ್ಲಿ ಭೌಗೋಳಿಕ ಗುರುತು ಪಡೆದ ದಿಂಡಿಗಲ್ ಬೀಗವೂ ಇದೇ ಜಾತಿ. ಇನ್ನೊಂದು ಪಿನ್ ಬೀಗ: ಈಗಿನ ಫ್ಲಾಟುಗಳ ಮುಂಬಾಗಿಲಿನ ಯೂರೋ ಸಿಲಿಂಡರ್, ಹಲವು ಡ್ರಾಯರ್ ಬೀಗಗಳು. ಬೈಕು, ಸ್ಕೂಟರುಗಳಲ್ಲಿ ಪಿನ್ನಿನ ಬದಲು ತೆಳು ಹಾಳೆಯ ವೇಫರ್ ಇರುತ್ತದೆ, ಕೆಲಸದ ತತ್ವ ಹೆಚ್ಚುಕಡಿಮೆ ಅದೇ.

ಗುಂಡಿ ಗುಂಡಿ ಕುಳಿ ಇರುವ, ಗಿರಾಕಿಗಳು ಕಂಪ್ಯೂಟರ್ ಕೀ ಅನ್ನುವ ಕೀಗೆ ಬೇರೆಯದೇ, ಮೇಲಿನಿಂದ ಲಂಬವಾಗಿ ಕೊರೆಯುವ ಮಿಲ್ಲಿಂಗ್ ಯಂತ್ರ ಬೇಕು. ಮೊದಲ ಆರು ತಿಂಗಳು ಅದನ್ನು ಒಪ್ಪಿಕೊಳ್ಳಬೇಡಿ, ಮಾಡುವವರ ಬಳಿ ಕಳಿಸಿ.

ಕೈ ಸಾಮಾನು

4 ಇಂಚಿನ ಬೆಂಚ್ ವೈಸ್, ಅದರ ದವಡೆಗೆ ಹೊದಿಸಲು ಅಲ್ಯೂಮಿನಿಯಂ ತಗಡು. 6 ಇಂಚಿನ ನಯವಾದ ಚಪ್ಪಟೆ ಅರ ಒಂದು, ಸಣ್ಣ ಸೂಜಿ ಅರಗಳ ಸೆಟ್ ಒಂದು, ಇವುಗಳ ಜೊತೆಗೆ ಕೀಯ ಕಚ್ಚಿನೊಳಗೆ ಇಳಿಯುವಷ್ಟು ತೆಳ್ಳಗಿನ ಅರ ಎರಡು. ಈ ತೆಳು ಅರದಲ್ಲಿ ಜುಗ್ಗತನ ಬೇಡ. ಅಗ್ಗದ ಅರ ಹಿತ್ತಾಳೆಯ ಮೇಲೆ ಜಾರುತ್ತದೆ, ಜಾರಿದ ಅರ ಪಕ್ಕದ ಹಲ್ಲನ್ನು ತಿನ್ನುತ್ತದೆ.

ಡಿಜಿಟಲ್ ವರ್ನಿಯರ್ ಕ್ಯಾಲಿಪರ್, 200 ಗ್ರಾಂ ಸುತ್ತಿಗೆ, 2, 3, 4 ಮಿ.ಮೀ. ಪಿನ್ ಪಂಚುಗಳು, ಸರ್ಕ್ಲಿಪ್ (ಸ್ಪ್ರಿಂಗಿನಂಥ ಸೀಳು ಬಳೆ) ತೆಗೆಯುವ ಇಕ್ಕಳ, ಚೂಪು ತುದಿಯ ಚಿಮಟ, ತಲೆಗೆ ಕಟ್ಟುವ ದೀಪ, ಗ್ರಾಫೈಟ್ ಪುಡಿ. ಪಿನ್ನುಗಳನ್ನು ಕ್ರಮವಾಗಿ ಇಡಲು ವಾರದ ಮಾತ್ರೆ ಹಾಕುವ ಪ್ಲಾಸ್ಟಿಕ್ ಡಬ್ಬಿ ಸಾಕು. ಬಾಗಿಲ ಕೆಲಸಕ್ಕೆ ಹೋಗುವ ಹೊತ್ತಿಗೆ 10 ಮಿ.ಮೀ. ಡ್ರಿಲ್ ಮತ್ತು 3, 6 ಮಿ.ಮೀ. ಹೈಸ್ಪೀಡ್ ಬಿಟ್ಟುಗಳು ಬೇಕಾಗುತ್ತವೆ. ಬೆಂಗಳೂರಿನವರಿಗೆ ಇದೆಲ್ಲ ಎಸ್.ಜೆ.ಪಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತದೆ.

ಮೊದಲ ತಿಂಗಳು: ಲಿವರ್ ಬೀಗ ಬಿಚ್ಚುವುದು

ಗುಜರಿಯಿಂದ ಹತ್ತು ಹದಿನೈದು ಲಿವರ್ ಬೀಗ ತನ್ನಿ. ಕೀ ಇರುವವು ಅರ್ಧ, ಇಲ್ಲದವು ಅರ್ಧ. ಕೀ ಇರುವ ಬೀಗವನ್ನು ಮೊದಲು ತೆರೆದಿಟ್ಟುಕೊಳ್ಳಿ. ಮುಚ್ಚಳದ ರಿವೆಟ್ ತಲೆಗಳನ್ನು ಅರದಿಂದ ತೇಯ್ದು, ಪಂಚಿನಿಂದ ಮೆಲ್ಲಗೆ ತಟ್ಟಿ ಮುಚ್ಚಳ ಎತ್ತಿ. ಎತ್ತುವಾಗ ಹೆಬ್ಬೆರಳಿನಿಂದ ಲಿವರುಗಳನ್ನು ಒತ್ತಿ ಹಿಡಿಯಿರಿ, ಇಲ್ಲವಾದರೆ ಸ್ಪ್ರಿಂಗು ಹಾರುತ್ತದೆ. ಬಿಚ್ಚಿದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಒಳಗೆ ಒಂದರ ಮೇಲೊಂದು ಐದೋ ಆರೋ ಏಳೋ ಹಿತ್ತಾಳೆ ಲಿವರುಗಳು. ಪ್ರತಿಯೊಂದರಲ್ಲೂ ಒಂದು ಸೀಳು. ಬೋಲ್ಟಿನ ಮೇಲೆ ಒಂದು ಗೂಟ. ಕೀ ತಿರುಗಿದಾಗ ಅದರ ಒಂದೊಂದು ಮೆಟ್ಟಿಲೂ ತನ್ನ ಲಿವರನ್ನು ಬೇಕಾದಷ್ಟೇ ಎತ್ತುತ್ತದೆ. ಎಲ್ಲ ಸೀಳುಗಳೂ ಒಂದೇ ಸಾಲಿಗೆ ಬಂದರೆ ಮಾತ್ರ ಗೂಟ ಒಳಗೆ ನುಗ್ಗಿ ಬೋಲ್ಟ್ ಸರಿಯುತ್ತದೆ, ಕೊಂಡಿ ಬಿಡುತ್ತದೆ. ಇಲ್ಲಿ ಕಣ್ಣಿಟ್ಟು ನೋಡಬೇಕಾದ್ದು, ಒಂದು ಲಿವರು ಕಡಿಮೆ ಎತ್ತಿದರೂ ಬೀಗ ತೆರೆಯುವುದಿಲ್ಲ, ಜಾಸ್ತಿ ಎತ್ತಿದರೂ ತೆರೆಯುವುದಿಲ್ಲ. ಕೀಯ ಮೆಟ್ಟಿಲನ್ನು ಹೆಚ್ಚು ತೇಯ್ದರೆ ಅದು ಕೆಡುವುದು ಇದೇ ಕಾರಣಕ್ಕೆ, ತೇಯ್ದ ಲೋಹ ಮರಳಿ ಬರುವುದಿಲ್ಲ.

ಮುಚ್ಚಳ ತೆಗೆದ ಆ ಬೀಗಕ್ಕೇ ಕೈಯಲ್ಲಿ ಕೀ ಮಾಡಿ:

1. ಅದೇ ದಪ್ಪ, ಅದೇ ಉದ್ದದ ಬ್ಲಾಂಕ್ ಆರಿಸಿ. ತಿರುಗುವ ಅಲಗು ಹಳೆಯ ಕೀಗಿಂತ ಕಿರಿದಾಗಿರಬಾರದು.
2. ಅಲಗಿನ ಅಂಚಿಗೆ ದೀಪದ ಮಸಿ ಹಿಡಿಸಿ, ಅಥವಾ ಕಪ್ಪು ಮಾರ್ಕರ್ ಬಳಿಯಿರಿ.
3. ಒಳಗೆ ಹಾಕಿ ಹಗುರಾಗಿ ತಿರುಗಿಸಿ. ಲಿವರು ತಾಗಿದ ಕಡೆ ಮಸಿ ಅಳಿದು ಗೆರೆ ಮೂಡುತ್ತದೆ.
4. ಗೆರೆ ಇರುವಲ್ಲಿ ಮಾತ್ರ ತೆಳು ಅರದಿಂದ ಒಂದೆರಡು ಎಳೆತ. ಮತ್ತೆ ಮಸಿ, ಮತ್ತೆ ತಿರುವು.
5. ಪ್ರತಿ ಸಲವೂ ಯಾವ ಲಿವರಿನ ಸೀಳು ಗೂಟದ ಸಾಲಿಗೆ ಬಂತು ಎಂದು ಕಣ್ಣಾರೆ ನೋಡಿ. ಸಾಲಿಗೆ ಬಂದದ್ದನ್ನು ಮತ್ತೆ ಮುಟ್ಟಬೇಡಿ.

ಮೊದಲ ಕೀಗೆ ಅರ್ಧ ದಿನ ಹಿಡಿದರೂ ಚಿಂತೆಯಿಲ್ಲ. ಇದು ಕೈಗೆ ಹತ್ತಿದ ಮೇಲೆ ಎರಡು ಲಿವರುಗಳ ಜಾಗ ಅದಲುಬದಲು ಮಾಡಿ ನೋಡಿ. ಹಳೆಯ ಕೀ ನಿಂತುಹೋಗುತ್ತದೆ, ಹೊಸ ಕೀ ಮಾಡಬೇಕಾಗುತ್ತದೆ. ಬೀರುವಿನ ಕೀ ಕಳೆದುಹೋಯಿತು, ಯಾರ ಕೈಗೆ ಸಿಕ್ಕಿದೆಯೋ ಎಂದು ಹೆದರಿ ಬರುವವರಿಗೆ ನೀವು ಮಾಡಿಕೊಡುವ ಕೆಲಸ ಇದೇ. ಹೊಸ ಬೀಗ ಬೇಕಿಲ್ಲ.

ಎರಡನೆಯ ತಿಂಗಳು: ಸಿಲಿಂಡರಿನ ಪಿನ್ ಬದಲಿಸುವುದು

ಬಾಡಿಗೆ ಮನೆಗಳಿರುವ ಊರಿನಲ್ಲಿ ಇದು ಖಾಯಂ ಆದಾಯದ ಕೆಲಸ. ಹಳೆಯ ಬಾಡಿಗೆದಾರರು ಹೋದರು, ಅವರ ಬಳಿ ಎಷ್ಟು ಡೂಪ್ಲಿಕೇಟ್ ಇವೆಯೋ ಗೊತ್ತಿಲ್ಲ. ಸಿಲಿಂಡರ್ ಅದನ್ನೇ ಇಟ್ಟುಕೊಂಡು ಪಿನ್ ಬದಲಿಸಿದರೆ ಹಳೆಯ ಕೀಗಳೆಲ್ಲ ವ್ಯರ್ಥ. ಮನೆ ಮಾಲೀಕರಿಗೆ ಇದು ಸಾಧ್ಯ ಎಂದೇ ಎಷ್ಟೋ ಸಲ ಗೊತ್ತಿರುವುದಿಲ್ಲ, ನೀವೇ ಹೇಳಬೇಕು.

ಬಾಗಿಲಿನ ಅಂಚಿನಲ್ಲಿರುವ ಉದ್ದನೆಯ ಎಂ5 ಸ್ಕ್ರೂ ಬಿಚ್ಚಿ, ಕೀ ಹಾಕಿ ಸ್ವಲ್ಪ ತಿರುಗಿಸಿ, ನಡುವಿನ ನಾಲಗೆ ಸಿಲಿಂಡರಿನ ಗೆರೆಗೆ ಬಂದಾಗ ಎಳೆದರೆ ಇಡೀ ಸಿಲಿಂಡರ್ ಹೊರಬರುತ್ತದೆ. ಬದಲಿ ಸಿಲಿಂಡರ್ ತರಬೇಕಾದರೆ ಅಳತೆಯನ್ನು ಆ ಸ್ಕ್ರೂ ತೂತಿನ ಮಧ್ಯದಿಂದ ಎರಡೂ ತುದಿಗೆ ಬೇರೆ ಬೇರೆಯಾಗಿ ತೆಗೆಯಿರಿ: 30/30 ಎಂದರೆ ಒಟ್ಟು 60 ಮಿ.ಮೀ., 35/35 ಎಂದರೆ 70. ಒಟ್ಟು ಉದ್ದ ಮಾತ್ರ ಅಳೆದು ತಂದರೆ ಒಂದು ಕಡೆ ಬಾಗಿಲಿನಿಂದ ಹೊರಗೆ ಚಾಚಿಕೊಂಡು ನಿಲ್ಲುವ ಸಾಧ್ಯತೆ ಉಂಟು. ಹಾಗೆ ಚಾಚಿದ ಸಿಲಿಂಡರನ್ನು ಇಕ್ಕಳದಲ್ಲಿ ಹಿಡಿದು ಮುರಿಯುವುದು ಕಳ್ಳರಿಗೆ ಸುಲಭ.

ಪಿನ್ ಬದಲಿಸಲು ಪ್ಲಗ್ಗಿನಷ್ಟೇ, ಅಂದರೆ ಸಿಲಿಂಡರಿನೊಳಗೆ ಕೀ ಜೊತೆ ತಿರುಗುವ ದುಂಡು ಭಾಗದಷ್ಟೇ, ದಪ್ಪದ ಒಂದು ನಯವಾದ ಕೋಲು ಬೇಕು. ಅಂಗಡಿಯಲ್ಲಿ ಇದನ್ನು ಫಾಲೋವರ್ ಅನ್ನುತ್ತಾರೆ. ವರ್ನಿಯರಿನಲ್ಲಿ ಪ್ಲಗ್ ಅಳೆದು ಮರದ ಕೋಲನ್ನೇ ತೇಯ್ದು ಮಾಡಿಕೊಂಡರೂ ನಡೆಯುತ್ತದೆ. ಕೀ ಹಾಕಿ ಪ್ಲಗ್ಗನ್ನು ಒಂದಿಷ್ಟು ತಿರುಗಿಸಿ, ನಾಲಗೆ ಪಕ್ಕದ ಸರ್ಕ್ಲಿಪ್ ತೆಗೆದು, ಫಾಲೋವರಿನಿಂದ ಪ್ಲಗ್ಗನ್ನು ಹೊರಗೆ ತಳ್ಳಿ. ಎರಡರ ನಡುವೆ ಕೂದಲೆಳೆಯಷ್ಟೂ ಸಂದು ಬಿಡಬಾರದು. ಸಂದು ಬಿಟ್ಟರೆ ಸ್ಪ್ರಿಂಗು ತಳ್ಳಿ, ಸಿಲಿಂಡರಿನ ಮೈಯೊಳಗಿರುವ ಮೇಲ್‌ಪಿನ್ನುಗಳು ಒಳಗೆ ಬೀಳುತ್ತವೆ, ಐದು ಸ್ಪ್ರಿಂಗ್ ಹುಡುಕುತ್ತ ಸಂಜೆಯಾಗುತ್ತದೆ.

ಪ್ಲಗ್ ಕೈಗೆ ಬಂದ ಮೇಲೆ ಅದರೊಳಗೆ ಕೀಗೆ ತಾಗಿ ನಿಲ್ಲುವ ಹಳೆಯ ಕೆಳಪಿನ್ನುಗಳನ್ನು ಕ್ರಮ ತಪ್ಪದೆ ಡಬ್ಬಿಗೆ ಹಾಕಿ. ಹೊಸ ಕೀ ತೂರಿಸಿ, ಪ್ರತಿ ತೂತಿಗೂ ಅಳತೆಯ ಪಿನ್ ಹಾಕುತ್ತ ಹೋಗಿ. ಬೆರಳಾಡಿಸಿದಾಗ ಪಿನ್ನಿನ ತಲೆ ಪ್ಲಗ್ಗಿನ ಮೈಗೆ ಸಮವಾಗಿರಬೇಕು. ಎದ್ದಿದ್ದರೆ ಬೀಗ ತಿರುಗುವುದಿಲ್ಲ. ತಗ್ಗಿದ್ದರೆ ಮೇಲ್‌ಪಿನ್ ಆ ತಗ್ಗಿಗೆ ಇಳಿದು ಅಡ್ಡ ನಿಲ್ಲುತ್ತದೆ. ಎದ್ದ ಪಿನ್ನನ್ನು ಪ್ಲಗ್ಗಿನಲ್ಲೇ ಇಟ್ಟು ಅರ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಪ್ಲಗ್ಗಿನ ಮೈಯೂ ಸವೆದು ಬೀಗ ಸಡಿಲಾಗುತ್ತದೆ, ಬೇರೆ ಕೀಗೂ ತೆರೆಯುವ ಸ್ಥಿತಿಗೆ ಬರುತ್ತದೆ. ಸರಿಯಳತೆಯ ಪಿನ್ನೇ ಹುಡುಕಿ ಹಾಕಿ. ಪ್ಲಗ್ ವಾಪಸು ಕೂರಿಸುವಾಗಲೂ ಸ್ವಲ್ಪ ತಿರುಗಿಸಿದ ಕೋನದಲ್ಲೇ ತಳ್ಳಿ. ಬಾಗಿಲಿಗೆ ಹಾಕಿದ ಮೇಲೆ ಬಾಗಿಲು ತೆರೆದಿಟ್ಟುಕೊಂಡೇ ಎಲ್ಲ ಕೀಗಳನ್ನೂ ಎರಡೂ ಕಡೆಯಿಂದ ಪರೀಕ್ಷಿಸಿ.

ಮೂರನೆಯ ತಿಂಗಳ ಕೊನೆಗೆ: ಯಂತ್ರ

ಚಪ್ಪಟೆ ಕೀ ಕತ್ತರಿಸುವ ಸಾಮಾನ್ಯ ಯಂತ್ರ ಮನೆಯ ಕರೆಂಟಿನಲ್ಲೇ ಓಡುತ್ತದೆ. ಕೊಳ್ಳುವಾಗ ಬಣ್ಣ ನೋಡಬೇಡಿ. ಕಟ್ಟರನ್ನು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿ, ಅಕ್ಷದಲ್ಲಿ ಆಟ ಇರಬಾರದು. ಎರಡು ದವಡೆಗಳು ಕೀಯನ್ನು ಒರಗದಂತೆ ಹಿಡಿಯಬೇಕು. ಕೀಯನ್ನು ತಡಕುವ ಗೈಡಿನ ತುದಿಯ ಆಕಾರ ಮತ್ತು ಕಟ್ಟರಿನ ಅಂಚಿನ ಆಕಾರ ಒಂದೇ ಆಗಿರಬೇಕು. ಗೈಡು ದಪ್ಪಗಿದ್ದು ಕಟ್ಟರ್ ತೆಳ್ಳಗಿದ್ದರೆ ಕಚ್ಚುಗಳ ಇಳಿಜಾರು ಮೂಲದಂತೆ ಬರುವುದಿಲ್ಲ.

ದಿನದ ಮೊದಲ ಕೀ ಕತ್ತರಿಸುವ ಮೊದಲು ಒಂದು ನಿಮಿಷದ ಕೆಲಸ: ಒಂದೇ ಜಾತಿಯ ಎರಡು ಹೊಸ ಬ್ಲಾಂಕುಗಳನ್ನು ಎರಡೂ ದವಡೆಗೆ ಕಟ್ಟಿ. ಸ್ವಿಚ್ ಹಾಕದೆ, ಗೈಡು ಒಂದು ಬ್ಲಾಂಕಿಗೆ ತಾಗುವಂತೆ ತಂದು, ಕಟ್ಟರನ್ನು ಕೈಯಿಂದ ತಿರುಗಿಸಿ. ಅದು ಇನ್ನೊಂದು ಬ್ಲಾಂಕನ್ನು ಸವರಿಕೊಂಡು ಹೋಗಬೇಕು ಅಷ್ಟೆ. ಕೊರೆದರೆ ಅಥವಾ ತಾಗದೇ ಹೋದರೆ ಗೈಡಿನ ಸ್ಕ್ರೂ ಸರಿಪಡಿಸಿ. ಕಟ್ಟರ್ ಸವೆದಂತೆ ಈ ಹೊಂದಾಣಿಕೆ ತಪ್ಪುತ್ತ ಹೋಗುತ್ತದೆ. "ನಿನ್ನೆ ಸರಿಯಿತ್ತು, ಇವತ್ತು ಒಂದೂ ಕೀ ತಿರುಗುತ್ತಿಲ್ಲ" ಎನ್ನುವ ದೂರಿನ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ.

ಕತ್ತರಿಸುವ ಕ್ರಮ ಹೀಗೆ. ಮೂಲ ಕೀಯನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿ, ಬಾಗಿದೆಯೇ, ಏಣುಗಳು ಸವೆದು ದುಂಡಾಗಿವೆಯೇ? ಸವೆದಿದ್ದರೆ ಮನೆಯಲ್ಲಿ ಬಳಸದೇ ಇಟ್ಟ ಇನ್ನೊಂದು ಕೀ ಇದೆಯೇ ಎಂದು ಕೇಳಿ. ಡೂಪ್ಲಿಕೇಟಿನ ಡೂಪ್ಲಿಕೇಟ್ ಮಾಡುತ್ತ ಹೋದರೆ ಪ್ರತಿ ಸಲದ ಸಣ್ಣ ತಪ್ಪು ಕೂಡುತ್ತ ಹೋಗುತ್ತದೆ. ಬ್ಲಾಂಕ್ ಆರಿಸುವಾಗ ಎರಡು ಕೀಗಳ ತುದಿಯನ್ನು ಮುಖಾಮುಖಿ ಹಿಡಿದು ಉದ್ದದ ಗೀರುಗಳು ಸರಿಹೊಂದುತ್ತವೆಯೇ ನೋಡಿ. ನಂತರ ದಪ್ಪ, ಉದ್ದ. ಎರಡೂ ಕೀಗಳ ಭುಜವನ್ನು (ಹಿಡಿಯ ಬುಡದಲ್ಲಿ ಅಲಗು ಶುರುವಾಗುವ ಮೆಟ್ಟು) ಯಂತ್ರದ ಅಳತೆಪಟ್ಟಿಗೆ ತಾಗಿಸಿ ಕಟ್ಟಿ, ಪಟ್ಟಿಯನ್ನು ಹಿಂದೆ ಸರಿಸಿ. ದವಡೆಯಲ್ಲಿ ಹಿತ್ತಾಳೆ ಚೂರು ಉಳಿದಿದ್ದರೆ ಕೀ ಒಂದು ಕಡೆ ಎದ್ದು ಕೂರುತ್ತದೆ, ಪ್ರತಿ ಸಲ ಬ್ರಷ್ಷಿನಿಂದ ಒರೆಸಿ. ಭುಜದ ಕಡೆಯಿಂದ ತುದಿಯತ್ತ ನಿಧಾನವಾಗಿ ಒಂದು ಸುತ್ತು, ಹಗುರಾಗಿ ಎರಡನೆಯ ಸುತ್ತು. ಆಮೇಲೆ ವೈರ್ ಬ್ರಷ್ಷಿಗೆ ಹಿಡಿದು, ಕತ್ತರಿಸಿದ ಅಂಚಿನಲ್ಲಿ ಎದ್ದ ಲೋಹದ ಮುಳ್ಳು ತೆಗೆಯಿರಿ. ಎರಡು ಮೂರು ಸೆಕೆಂಡು ಸಾಕು. ಹೆಚ್ಚು ಹೊತ್ತು ಹಿಡಿದರೆ ಏಣುಗಳು ಸವೆಯುತ್ತವೆ.

ಕತ್ತರಿಸುವಾಗ ಕನ್ನಡಕ ಕಡ್ಡಾಯ. ಕೈಗವಸು ಬೇಡ. ತಿರುಗುವ ಕಟ್ಟರ್ ಬಟ್ಟೆಯನ್ನು ಹಿಡಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಸಡಿಲ ತೋಳು, ದುಪಟ್ಟಾ ಕಟ್ಟಿಕೊಳ್ಳಿ. ಕೀಯ ಹಿತ್ತಾಳೆಯಲ್ಲಿ ಸೀಸ ಇರುತ್ತದೆ, ಆದ್ದರಿಂದ ಕೈ ತೊಳೆಯದೆ ಊಟ, ಟೀ ಬೇಡ.

ಕೀ ಕೆಲಸ ಮಾಡದಿದ್ದರೆ

ಪೂರ್ತಿ ಒಳಹೋಗುತ್ತದೆ, ತಿರುಗುವುದಿಲ್ಲ: ವರ್ನಿಯರಿನಲ್ಲಿ ಮೂಲದ ಮತ್ತು ಹೊಸದರ ಒಂದೊಂದು ಕಚ್ಚನ್ನೂ ಅಳೆಯಿರಿ. ಎಲ್ಲವೂ ಒಂದೇ ಪ್ರಮಾಣದಲ್ಲಿ ಎತ್ತರವಿದ್ದರೆ ಗೈಡು ತಪ್ಪಿದೆ, ಸರಿಪಡಿಸಿ ಮತ್ತೊಂದು ಸುತ್ತು ಕತ್ತರಿಸಬಹುದು. ಎಲ್ಲವೂ ಆಳವಾಗಿದ್ದರೆ ಬ್ಲಾಂಕ್ ಹೋಯಿತು. ಪಿನ್ ಬೀಗದಲ್ಲಿ 0.1 ಮಿ.ಮೀ. ವ್ಯತ್ಯಾಸಕ್ಕೇ ಕೀ ಬಿಗಿಯಾಗಲು ಶುರುವಾಗುತ್ತದೆ, 0.2 ಆದರೆ ಅನೇಕ ಬೀಗಗಳು ತಿರುಗುವುದೇ ಇಲ್ಲ.

ಆಳ ಸರಿಯಿದೆ, ಆದರೂ ತಿರುಗುವುದಿಲ್ಲ: ಎರಡು ಕೀಗಳನ್ನು ಭುಜ ಸೇರಿಸಿ ಬೆನ್ನಿಗೆ ಬೆನ್ನು ಹಿಡಿದು ನೋಡಿ. ಕಚ್ಚುಗಳು ಮುಂದಕ್ಕೋ ಹಿಂದಕ್ಕೋ ಸರಿದಿರುತ್ತವೆ. ಕಟ್ಟುವಾಗ ಭುಜ ಜಾರಿದೆ.

ಸ್ವಲ್ಪ ಅಲ್ಲಾಡಿಸಿ ಒಂದಿಷ್ಟು ಹೊರಗೆಳೆದರೆ ತಿರುಗುತ್ತದೆ: ಇದೂ ಜಾರಿದ ಭುಜವೇ. "ಹೀಗೇ ಬಳಸಿ, ಸರಿಹೋಗುತ್ತದೆ" ಎಂದು ಕೊಟ್ಟು ಕಳಿಸಬೇಡಿ. ಆ ಕೀ ಒಂದು ದಿನ ಬೀಗದೊಳಗೇ ಮುರಿಯುತ್ತದೆ.

ತಿರುಗುತ್ತದೆ, ಹೊರಬರುವುದು ಬಿಗಿ: ಮುಳ್ಳು ಉಳಿದಿದೆ.

ಮೂಲ ಕೀಯೇ ಬಿಗಿಯಾಗಿದ್ದರೆ ಬೀಗ ತೊಳೆಯಬೇಕು. ನಮ್ಮ ಮನೆಗಳಲ್ಲಿ ಬೀಗಕ್ಕೆ ತೆಂಗಿನೆಣ್ಣೆ ಬಿಡುವ ರೂಢಿ ಇದೆ. ಎರಡು ದಿನ ಸಲೀಸಾಗಿ ತಿರುಗಿ, ಆಮೇಲೆ ಧೂಳು ಹಿಡಿದು ಅಂಟಾಗುತ್ತದೆ. ಸ್ಪ್ರೇ ಹೊಡೆದು ಅಂಟು ತೊಳೆದು, ಒಣಗಿಸಿ, ಕೀಗೆ ಚಿಟಿಕೆ ಗ್ರಾಫೈಟ್ ಹಚ್ಚಿ ಹತ್ತು ಸಲ ಒಳಗೆ ಹೊರಗೆ ಆಡಿಸಿ. ಎಣ್ಣೆ ಇರುವಲ್ಲಿ ಗ್ರಾಫೈಟ್ ಹಾಕಿದರೆ ಕೆಸರಾಗುತ್ತದೆ, ಒಣಗಿಸುವುದನ್ನು ಬಿಡಬೇಡಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಉಕ್ಕಿನ ಸ್ಪ್ರಿಂಗು ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಕಂಚಿನ ಸ್ಪ್ರಿಂಗಿನ, ಹಿತ್ತಾಳೆ ಮೈಯ, ಸ್ಟೇನ್‌ಲೆಸ್ ಕೊಂಡಿಯ ಬೀಗವನ್ನೇ ಶಿಫಾರಸು ಮಾಡಿ.

ಕೀ ಒಳಗೆ ಮುರಿದಿದ್ದರೆ, ಪ್ಲಗ್ಗು ಕೀ ಹಾಕುವ ನೇರ ಸ್ಥಾನದಲ್ಲಿದೆಯೇ ಮೊದಲು ನೋಡಿ, ಇಲ್ಲದಿದ್ದರೆ ತೆಳು ಸ್ಕ್ರೂಡ್ರೈವರಿನಿಂದ ಅಲ್ಲಿಗೆ ತನ್ನಿ. ನೇರ ಬರದೆ ಚೂರು ಹೊರಬರದು. ತೆಳುವಾದ ಗರಗಸದ ಎಲೆಯನ್ನು, ಹಲ್ಲು ನಿಮ್ಮ ಕಡೆ ಬಾಗಿರುವಂತೆ, ಕಚ್ಚುಗಳ ಬದಿಯಿಂದ ತೂರಿಸಿ ಸ್ವಲ್ಪ ತಿರುಚಿ ಎಳೆಯಿರಿ. ಗಿರಾಕಿ ಅದಾಗಲೇ ಫೆವಿಕ್ವಿಕ್ ಹಾಕಿ ನೋಡಿದ್ದಾರೆಯೇ ಕೇಳಿ. ಹಾಕಿದ್ದರೆ ಸಿಲಿಂಡರ್ ಬದಲಿಸುವ ದರವನ್ನೇ ಹೇಳಿಬಿಡಿ.

ಬ್ಲಾಂಕ್ ದಾಸ್ತಾನು, ಜಾಗ, ದರ

ಮೊದಲ ದಾಸ್ತಾನಿಗೆ ನಲವತ್ತು ಬಗೆ, ತಲಾ ಐದರಿಂದ ಹತ್ತು. ನಿಮ್ಮ ಊರಿನ ಬಸ್ ನಿಲ್ದಾಣದ ಬೈಕ್ ಸ್ಟ್ಯಾಂಡಿನಲ್ಲಿ ಒಂದು ಗಂಟೆ ನಿಂತು ಯಾವ ಗಾಡಿಗಳಿವೆ ಎಂದು ಬರೆದುಕೊಳ್ಳಿ, ಅದೇ ನಿಮ್ಮ ಖರೀದಿ ಪಟ್ಟಿ. ಆಕ್ಟಿವಾದಂಥ ಸ್ಕೂಟರುಗಳ ಕೀರಂಧ್ರಕ್ಕೆ ಆಯಸ್ಕಾಂತದ ಮುಚ್ಚಳ ಇರುತ್ತದೆ. ಆಯಸ್ಕಾಂತವಿಲ್ಲದ ಡೂಪ್ಲಿಕೇಟಿನಿಂದ ಆ ಮುಚ್ಚಳ ತೆರೆಯಲಾಗದು ಎಂದು ಕತ್ತರಿಸುವ ಮೊದಲೇ ತಿಳಿಸಿ.

ಜಾಗ 4×6 ಅಡಿ ಇದ್ದರೂ ಸಾಕು. ಆದರೆ ಬೈಕ್ ಗ್ಯಾರೇಜು, ಹಾರ್ಡ್‌ವೇರ್ ಅಂಗಡಿ ಅಥವಾ ಆರ್‌ಟಿಒ ಹತ್ತಿರ ಇರಲಿ. ದರ ನಿಗದಿಗೆ ಬ್ಲಾಂಕಿನ ಬೆಲೆ, ಹಾಳಾಗುವ ಬ್ಲಾಂಕಿನ ಪಾಲು, ಕಟ್ಟರ್ ಸವೆತ, ಬಾಡಿಗೆ, ನಿಮ್ಮ ಸಮಯ ಎಲ್ಲ ಸೇರಿಸಿ. ಮನೆಗೆ ಹೋಗುವ ಖರ್ಚು, ತೆರೆಯುವ ಕೂಲಿ, ಹೊಸ ಕೀ ಇವು ಮೂರು ಬೇರೆ ಬೇರೆ. ಮೂರನ್ನೂ ಫೋನಿನಲ್ಲೇ ಹೇಳಿ. ರಾತ್ರಿ ಹನ್ನೊಂದಕ್ಕೆ ಬಾಗಿಲ ಹೊರಗೆ ಮಗುವಿನೊಂದಿಗೆ ನಿಂತವರ ಹತ್ತಿರ, ಕೆಲಸ ಮುಗಿದ ಮೇಲೆ ದುಪ್ಪಟ್ಟು ಕೇಳುವುದು ಈ ಕಸುಬಿಗೇ ಮಸಿ ಬಳಿಯುವ ಕೆಲಸ. ಡ್ರಿಲ್ ಹಾಕುವುದು ಕೊನೆಯ ದಾರಿ, ಅದಕ್ಕೂ ಮೊದಲು ಒಪ್ಪಿಗೆ ಪಡೆಯಿರಿ.

ಯಾರಿಗೆ ತೆರೆದುಕೊಡಬೇಕು, ಯಾರಿಗೆ ಕೂಡದು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಮಿನಲ್ಲಿ ಮನೆ ಮುರಿದು ಅತಿಕ್ರಮಿಸುವ ಅಪರಾಧದ ವ್ಯಾಖ್ಯೆ ಇದೆ. ಅತಿಕ್ರಮಣಕ್ಕಾಗಿ ಬೀಗ ತೆರೆದು ಒಳಹೋಗುವುದೂ ಅದರಲ್ಲೇ ಬರುತ್ತದೆ, ಗೋಡೆ ಒಡೆಯಲೇಬೇಕೆಂದಿಲ್ಲ. ಆದ್ದರಿಂದ ಬಾಗಿಲು ಮುಟ್ಟುವ ಮೊದಲು ದಾಖಲೆ ನೋಡಿ: ಆ ವಿಳಾಸವಿರುವ ಆಧಾರ್, ಬಾಡಿಗೆ ಕರಾರು ಅಥವಾ ಕರೆಂಟ್ ಬಿಲ್. ದಾಖಲೆಗಳೆಲ್ಲ ಒಳಗೇ ಇದ್ದರೆ ಪಕ್ಕದ ಮನೆಯವರು ಅಥವಾ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಗುರುತು ಹೇಳಲಿ, ತೆರೆದ ಕೂಡಲೇ ದಾಖಲೆ ತೋರಿಸಲಿ. ಗಾಡಿಗೆ ಆರ್‌ಸಿ, ಡಿಜಿಲಾಕರಿನಲ್ಲಿ ತೋರಿಸಿದರೂ ಸರಿ. ಅನುಮಾನ ಬಂದರೆ 112ಕ್ಕೆ ಕರೆ ಮಾಡಿ, ಪೊಲೀಸರ ಎದುರಿಗೆ ತೆರೆಯುವುದಾಗಿ ಹೇಳಿ. ನಿಜವಾದ ಮನೆಯವರು ಇದಕ್ಕೆ ಬೇಸರಿಸುವುದು ಕಡಿಮೆ.

ಸಾಬೂನಿನ ಅಚ್ಚು, ಮೇಣದ ಅಚ್ಚು, ಮೊಬೈಲಿನಲ್ಲಿ ತೆಗೆದ ಕೀಯ ಫೋಟೋ ತಂದವರಿಗೆ ಕೀ ಮಾಡಿಕೊಡಬೇಡಿ, ಯಾರೇ ಆಗಲಿ. ಬಾಡಿಗೆದಾರ ಒಳಗೆ ಸಾಮಾನಿಟ್ಟು ಹೋಗಿದ್ದಾನೆ, ತೆರೆದುಕೊಡಿ ಎನ್ನುವ ಮಾಲೀಕರಿಗೂ ಕೋರ್ಟು ಆದೇಶ ಅಥವಾ ಪೊಲೀಸರಿಲ್ಲದೆ ತೆರೆಯಬೇಡಿ. ಗಂಡ ಹೆಂಡತಿ ಜಗಳದ ಬೀರು, ಆಸ್ತಿ ತಕರಾರಿನ ಮನೆ ಇವೂ ಹಾಗೆಯೇ.

ಒಂದು ದಪ್ಪ ರಿಜಿಸ್ಟರ್ ಇಡಿ: ದಿನಾಂಕ, ಸಮಯ, ಹೆಸರು, ಫೋನ್, ವಿಳಾಸ ಅಥವಾ ಗಾಡಿ ನಂಬರ್, ಬೀಗದ ಜಾತಿ, ಮಾಡಿದ ಕೆಲಸ, ಸಹಿ. ಗಿರಾಕಿಯ ಕೀಯ ನಕಲನ್ನೋ ಅಳತೆಯನ್ನೋ ಮಾತ್ರ ಎಲ್ಲೂ ಉಳಿಸಿಕೊಳ್ಳಬೇಡಿ.

ಕಾಗದ ಪತ್ರ, ಸರ್ಕಾರದ ನೆರವು

ಅಂಗಡಿಯಾದರೆ ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ. ಬೀದಿ ಬದಿಯಾದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಪ್ರಮಾಣಪತ್ರ. ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೀಗ ತಯಾರಿಯೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇ. 5ರ ಬಡ್ಡಿಗೆ ಅಡಮಾನವಿಲ್ಲದೆ ಮೊದಲು 1 ಲಕ್ಷ, ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ. ವಯಸ್ಸು 18 ತುಂಬಿರಬೇಕು, ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ನೋಂದಣಿ ಸಾಮಾನ್ಯ ಸೇವಾ ಕೇಂದ್ರದಲ್ಲಿ, ಪರಿಶೀಲನೆ ಗ್ರಾಮ ಪಂಚಾಯಿತಿ ಅಥವಾ ನಗರ ಸಂಸ್ಥೆಯಿಂದ. ಅರ್ಜಿ ಹಾಕುವಾಗ ನೀವು ಆ ಕಸುಬನ್ನು ಮಾಡುತ್ತಿರಬೇಕು ಎನ್ನುವುದು ನಿಯಮ. ಹಾಗಾಗಿ ಕೈ ಸಾಮಾನಿನಿಂದ ಕೆಲಸ ಶುರುಮಾಡಿ ಆಮೇಲೆ ಅರ್ಜಿ ಹಾಕುವುದು ಸರಿಯಾದ ಕ್ರಮ.

ಕಾರಿನ ಕೀ ಯಾವಾಗ?

ಒಂದು ವರ್ಷದ ನಂತರ. ಈಗಿನ ಬಹುತೇಕ ಕಾರುಗಳ ಕೀಯ ಹಿಡಿಯೊಳಗೆ ಚಿಪ್ ಇರುತ್ತದೆ. ಕೀರಂಧ್ರದ ಸುತ್ತಲಿನ ತಂತಿಸುರುಳಿ ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನಲ್ಲಿ ಅದನ್ನು ಓದಿ, ಗುರುತು ಸಿಕ್ಕರೆ ಮಾತ್ರ ಎಂಜಿನ್ ಓಡಲು ಬಿಡುತ್ತದೆ. ಲೋಹ ಮಾತ್ರ ಕತ್ತರಿಸಿ ಕೊಟ್ಟರೆ ಬಾಗಿಲು ತೆರೆಯುತ್ತದೆ, ಎಂಜಿನ್ ಹತ್ತಿ ನಿಂತುಹೋಗುತ್ತದೆ. ಚಿಪ್ ದಾಖಲಿಸುವ ಉಪಕರಣ ದುಬಾರಿ, ಮಧ್ಯದಲ್ಲಿ ಬ್ಯಾಟರಿ ಕುಸಿದರೆ ಕಾರಿನ ಕಂಪ್ಯೂಟರೇ ಕೆಡುವ ಅಪಾಯವುಂಟು. ಅಲ್ಲಿಯವರೆಗೆ ರಿಮೋಟಿನ ಕೆಲಸ ಕಲಿಯಿರಿ: ಬ್ಯಾಟರಿ ಬದಲಿಸುವುದು, ಒಡೆದ ಹಿಡಿಯಿಂದ ಹೊಸ ಹಿಡಿಗೆ ಸಾಮಾನು ವರ್ಗಾಯಿಸುವುದು, ಸವೆದ ಗುಂಡಿಯ ಬೆಸುಗೆ. ಹಿಡಿ ಬದಲಿಸುವಾಗ ಹಳೆಯದರ ಮೂಲೆಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡ ಕಪ್ಪು ಚಿಪ್ ಅಂಟಿಕೊಂಡಿರಬಹುದು. ಅದನ್ನು ತೆಗೆದು ಹೊಸದಕ್ಕೆ ಕೂರಿಸಿ, ಗಿರಾಕಿ ಎದುರಿಗೇ ಎಂಜಿನ್ ಓಡಿಸಿ ನೋಡಿದ ಮೇಲೆ ಹಳೆಯ ಹಿಡಿ ಬಿಸಾಡಿ.